ತಲೆಯ ನೀರಿಗೊಂದು ದಾರಿ

1955ರ ನವೆಂಬರ್‌ನಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಜಾನ್ ಹೋಲ್ಟರ್ ದಂಪತಿಗೆ ಗಂಡುಮಗು ಹುಟ್ಟಿತು. ಹೋಲ್ಟರ್ ವೈದ್ಯರಲ್ಲ. ಬೀಗ ತಯಾರಿಸುವ ಯೇಲ್ ಅಂಡ್ ಟೌನ್ ಕಂಪನಿಯಲ್ಲಿ ಕೆಲಸಕ್ಕಿದ್ದ ಮೆಕ್ಯಾನಿಕ್. ಮಗುವನ್ನು ಮನೆಯವರು ಕೇಸಿ ಎಂದು ಕರೆದರು. ಹುಟ್ಟುವಾಗಲೇ ಕೇಸಿಯ ಬೆನ್ನುಮೂಳೆಯ ಕೆಳಭಾಗ ಸರಿಯಾಗಿ ಮುಚ್ಚಿಕೊಂಡಿರಲಿಲ್ಲ. ವೈದ್ಯರು ಇದನ್ನು ಸ್ಪೈನಾ ಬೈಫಿಡಾ ಎನ್ನುತ್ತಾರೆ. ಇಂಥ ಮಕ್ಕಳಲ್ಲಿ ಅನೇಕರಿಗೆ ಆಗುವಂತೆ ಕೇಸಿಯ ತಲೆಯಲ್ಲೂ ನೀರು ತುಂಬತೊಡಗಿತು. ತಲೆ ದಿನದಿನಕ್ಕೆ ದೊಡ್ಡದಾಗುತ್ತಿತ್ತು. ಒತ್ತಡ ಇಳಿಸಲು ವೈದ್ಯರು ನೆತ್ತಿಯ ಮೆದುಭಾಗದಲ್ಲಿ ಸೂಜಿ ಚುಚ್ಚಿ ನೀರು ತೆಗೆಯುತ್ತಿದ್ದರು. ನೀರು ಮತ್ತೆ ತುಂಬುತ್ತಿತ್ತು, ಮತ್ತೆ ಸೂಜಿ ಹಾಕಬೇಕಾಗುತ್ತಿತ್ತು. ತಂದೆ ಪಕ್ಕದಲ್ಲಿ ನಿಂತು ನೋಡುತ್ತಿದ್ದರು.

ಇಂದು ಜಗತ್ತಿನ ಯಾವುದೇ ದೊಡ್ಡ ಆಸ್ಪತ್ರೆಯ ನರಶಸ್ತ್ರಚಿಕಿತ್ಸಾ ವಿಭಾಗಕ್ಕೆ ಹೋದರೂ ಈ ನೀರನ್ನು ಬೇರೆಡೆಗೆ ಹರಿಸುವ ಷಂಟ್ ಎಂಬ ತೆಳು ಕೊಳವೆಯನ್ನು ಕಾಣಬಹುದು. ಮಿದುಳಿನ ಶಸ್ತ್ರಚಿಕಿತ್ಸೆ ಎಂದಾಗ ಸೂಕ್ಷ್ಮದರ್ಶಕ, ಲೇಸರ್, ಕಂಪ್ಯೂಟರ್ ಪರದೆಗಳು ಕಣ್ಣಮುಂದೆ ಬರುತ್ತವೆ. ಆದರೆ ಲಕ್ಷಾಂತರ ಮಕ್ಕಳ ಜೀವ ಉಳಿಸಿದ್ದು ಈ ಕೊಳವೆ ಮತ್ತು ಅದರ ನಡುವೆ ಕುಳಿತ ಪುಟ್ಟ ಕವಾಟ. ಅದರ ಚರಿತ್ರೆಯಲ್ಲಿ ಶಸ್ತ್ರವೈದ್ಯರಷ್ಟೇ ಅಲ್ಲದೆ ಬೀಗದ ಕಂಪನಿಯ ಮೆಕ್ಯಾನಿಕ್, ಗಡಿಯಾರ ರಿಪೇರಿ ಬಲ್ಲವರು, ಆಟಿಕೆ ವಿಮಾನಕ್ಕೆ ಪಂಪ್ ಮಾಡುತ್ತಿದ್ದವರು, ಒಬ್ಬ ಕತೆಗಾರ, ಕೊನೆಗೆ ಉತ್ತರ ಪ್ರದೇಶದ ಒಂದು ಜಿಲ್ಲಾ ಪಟ್ಟಣವೂ ಬರುತ್ತದೆ.

ನೀರು ಎಲ್ಲಿಂದ ಬರುತ್ತದೆ

ಆಡುಮಾತಿನಲ್ಲಿ ನೀರು ಎನ್ನುವುದು ನಿಜಕ್ಕೂ ಮಿದುಳಿನ ಒಳಗೇ ತಯಾರಾಗುವ ತಿಳಿಯಾದ ದ್ರವ. ಮಿದುಳಿನ ನಡುವೆ ನಾಲ್ಕು ಕುಹರಗಳಿವೆ. ಅವುಗಳ ಗೋಡೆಗೆ ಅಂಟಿಕೊಂಡ ರಕ್ತನಾಳಗಳ ಗೊಂಚಲು ದಿನಕ್ಕೆ ಸುಮಾರು ಅರ್ಧ ಲೀಟರ್ ದ್ರವವನ್ನು ಸ್ರವಿಸುತ್ತದೆ. ವಯಸ್ಕರ ತಲೆ ಮತ್ತು ಬೆನ್ನುಹುರಿಯ ಸುತ್ತ ಒಂದು ಹೊತ್ತಿಗೆ ಇರುವುದು ಸುಮಾರು 150 ಮಿಲಿಲೀಟರ್ ಮಾತ್ರ. ಅಂದರೆ ದಿನಕ್ಕೆ ಮೂರ್ನಾಲ್ಕು ಸಲ ಹಳೆಯದು ಹೋಗಿ ಹೊಸದು ಬರುತ್ತದೆ. ದ್ರವವು ಕುಹರದಿಂದ ಕುಹರಕ್ಕೆ ಹರಿದು, ಒಂದು ಕಿರಿದಾದ ಕಾಲುವೆ ದಾಟಿ ಮಿದುಳಿನ ಹೊರಮೈಗೆ ಬಂದು, ಅಲ್ಲಿಂದ ರಕ್ತಕ್ಕೆ ಸೇರುತ್ತದೆ. ದಾರಿಯಲ್ಲಿ ಎಲ್ಲೋ ಅಡ್ಡಿಯಾದರೆ ಅಥವಾ ಹೀರಿಕೊಳ್ಳುವುದು ನಿಂತರೆ ತಯಾರಿಕೆ ಮಾತ್ರ ನಿಲ್ಲುವುದಿಲ್ಲ. ಕುಹರಗಳು ಉಬ್ಬುತ್ತವೆ, ಮಿದುಳು ಬುರುಡೆಗೆ ಒತ್ತಿಕೊಳ್ಳುತ್ತದೆ. ಹಸುಗೂಸಿನ ಬುರುಡೆಯ ಮೂಳೆಗಳು ಇನ್ನೂ ಬೆಸೆದುಕೊಂಡಿರದ ಕಾರಣ ತಲೆಯೇ ಹಿಗ್ಗುತ್ತದೆ. ದೊಡ್ಡವರ ಬುರುಡೆ ಹಿಗ್ಗುವುದಿಲ್ಲ. ಅವರಿಗೆ ತಲೆನೋವು, ವಾಂತಿ, ಮಂಪರು ಬರುತ್ತದೆ. ಈ ಕಾಯಿಲೆಯ ಹೆಸರು ಹೈಡ್ರೋಸೆಫಲಸ್. ಗ್ರೀಕ್ ಭಾಷೆಯಲ್ಲಿ ಅದರ ಅರ್ಥವೂ ನೀರು-ತಲೆ ಎಂದೇ.

ಹೆಸರು ಹಳೆಯದಾದರೂ ಕಾರಣ ಖಚಿತವಾಗಿ ಗೊತ್ತಾದದ್ದು 20ನೇ ಶತಮಾನದಲ್ಲಿ. 1913-14ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯ ವಾಲ್ಟರ್ ಡ್ಯಾಂಡಿ ಮತ್ತು ಕೆನೆತ್ ಬ್ಲ್ಯಾಕ್‌ಫ್ಯಾನ್ ನಾಯಿಗಳ ಮಿದುಳಿನ ಆ ಕಿರಿದಾದ ಕಾಲುವೆಯನ್ನು ಮುಚ್ಚಿ, ಮೇಲಿನ ಕುಹರಗಳು ಉಬ್ಬುವುದನ್ನು ತೋರಿಸಿದರು. ಕಾರಣ ಗೊತ್ತಾದ ಮೇಲೆ ಪರಿಹಾರ ಎರಡು ದಿಕ್ಕಿನಲ್ಲಿ ಕಂಡಿತು: ದ್ರವದ ತಯಾರಿಕೆ ಕಡಿಮೆ ಮಾಡುವುದು, ಇಲ್ಲವೇ ಹೊಸ ದಾರಿ ತೆರೆಯುವುದು.

ಡ್ಯಾಂಡಿ ಎರಡನ್ನೂ ಪ್ರಯತ್ನಿಸಿದರು. 1918ರಲ್ಲಿ ದ್ರವ ಸ್ರವಿಸುವ ಗೊಂಚಲನ್ನೇ ಕತ್ತರಿಸಿ ತೆಗೆದರು. ಆದರೆ ಆ ಶಸ್ತ್ರಕ್ರಿಯೆಯನ್ನು ತಾಳಿಕೊಂಡ ಮಕ್ಕಳು ಕಡಿಮೆ. 1923ರಲ್ಲಿ ಬಾಸ್ಟನ್‌ನ ವಿಲಿಯಂ ಮಿಕ್ಸ್‌ಟರ್ ಮೂತ್ರನಾಳ ನೋಡಲು ಬಳಸುವ ಕೊಳವೆಯನ್ನು ಮಗುವಿನ ಮಿದುಳಿನೊಳಗೆ ಇಳಿಸಿ ಮೂರನೇ ಕುಹರದ ನೆಲದಲ್ಲಿ ರಂಧ್ರ ಮಾಡಿದರು. ದ್ರವಕ್ಕೆ ಅಡ್ಡದಾರಿ ಸಿಕ್ಕಿತು. ಆಲೋಚನೆ ಸರಿಯಾಗಿತ್ತು, ಆದರೆ ಆ ಕಾಲದ ಮಸೂರ ಮತ್ತು ಬೆಳಕು ಅದಕ್ಕೆ ಸಾಲುತ್ತಿರಲಿಲ್ಲ. ಈ ಎರಡೂ ವಿಧಾನಗಳು ಬಹುಮಟ್ಟಿಗೆ ಮೂಲೆ ಸೇರಿದವು.

1940ರ ದಶಕದ ಕೊನೆಗೆ ಬಾಸ್ಟನ್‌ನ ಡೊನಾಲ್ಡ್ ಮ್ಯಾಟ್ಸನ್ ದ್ರವವನ್ನು ಮೂತ್ರನಾಳಕ್ಕೆ ಹರಿಸುತ್ತಿದ್ದರು. ಅದಕ್ಕಾಗಿ ಮಗುವಿನ ಆರೋಗ್ಯವಂತ ಮೂತ್ರಪಿಂಡವೊಂದನ್ನು ತೆಗೆದುಹಾಕಬೇಕಿತ್ತು. ದ್ರವದ ಜೊತೆ ದೇಹದ ಉಪ್ಪಿನಂಶವೂ ಹೋಗುತ್ತಿತ್ತು. ಅಂಥ ಮಗುವಿಗೆ ಸಣ್ಣ ಭೇದಿಯಾದರೂ ಜೀವಕ್ಕೆ ಕುತ್ತು. ಆದರೂ ತಂದೆತಾಯಿ ಒಪ್ಪುತ್ತಿದ್ದರು, ಏಕೆಂದರೆ ಒಪ್ಪದಿದ್ದರೆ ಮುಂದೇನು ಎಂಬುದು ಅವರಿಗೆ ಗೊತ್ತಿತ್ತು.

ಬೀಗದ ಕಂಪನಿಯ ಮೆಕ್ಯಾನಿಕ್

ದ್ರವವನ್ನು ಕುತ್ತಿಗೆಯ ದೊಡ್ಡ ರಕ್ತನಾಳದ ಮೂಲಕ ಹೃದಯದತ್ತ ಹರಿಸಿದರೆ ಅದು ನೇರವಾಗಿ ರಕ್ತಕ್ಕೆ ಸೇರುತ್ತದೆ, ದೇಹಕ್ಕೆ ನಷ್ಟವಿಲ್ಲ. ತೊಂದರೆ ಒಂದೇ: ರಕ್ತ ಹಿಮ್ಮುಖವಾಗಿ ಕೊಳವೆಗೆ ನುಗ್ಗಿದರೆ ಅಲ್ಲೇ ಹೆಪ್ಪುಗಟ್ಟುತ್ತದೆ. ಆದ್ದರಿಂದ ಒಂದೇ ದಿಕ್ಕಿಗೆ ತೆರೆಯುವ, ನಿಗದಿತ ಒತ್ತಡದಲ್ಲಿ ಮಾತ್ರ ತೆರೆಯುವ ಕವಾಟ ಬೇಕು. 1949ರಲ್ಲಿ ಫಿಲಡೆಲ್ಫಿಯಾದ ಫ್ರ್ಯಾಂಕ್ ನಲ್ಸನ್ ಮತ್ತು ಯೂಜೀನ್ ಸ್ಪಿಟ್ಜ್ ಲೋಹದ ಗುಂಡು ಮತ್ತು ಸ್ಪ್ರಿಂಗ್ ಇರುವ ಕವಾಟವನ್ನು ಒಂದು ಮಗುವಿಗೆ ಅಳವಡಿಸಿ ಇದು ಸಾಧ್ಯವೆಂದು ತೋರಿಸಿದರು. ಆದರೆ ಎಲ್ಲ ಮಕ್ಕಳಿಗೂ ನೆಚ್ಚಿ ಬಳಸಬಹುದಾದ ಕವಾಟ ಇನ್ನೂ ಇರಲಿಲ್ಲ.

ಕೇಸಿಯನ್ನು ನೋಡುತ್ತಿದ್ದವರು ಇದೇ ಸ್ಪಿಟ್ಜ್. ಏಕೆ ನೀರನ್ನು ಒಮ್ಮೆಗೇ ಹರಿಸಲಾಗುವುದಿಲ್ಲ ಎಂದು ಹೋಲ್ಟರ್ ಕೇಳಿದಾಗ, ಕವಾಟದ ಸಮಸ್ಯೆಯನ್ನು ಅವರು ವಿವರಿಸಿದರು. ವೈದ್ಯರಿಗೆ ಅದು ಬಗೆಹರಿಯದ ವೈದ್ಯಕೀಯ ಸಮಸ್ಯೆ, ಹೋಲ್ಟರ್‌ಗೆ ಅದು ತಮ್ಮ ಕೈಗೆ ಎಟಕುವ ಕೆಲಸ. ಆಸ್ಪತ್ರೆಯಲ್ಲಿ ನರ್ಸ್ ಒಬ್ಬರು ಡ್ರಿಪ್‌ನ ರಬ್ಬರ್ ಕೊಳವೆಗೆ ಸೂಜಿ ಚುಚ್ಚಿ ಔಷಧಿ ಕೊಡುವುದನ್ನು ಅವರು ಗಮನಿಸಿದ್ದರು. ಸೂಜಿ ಹೊರತೆಗೆದ ಮೇಲೆ ರಬ್ಬರ್ ತನ್ನಷ್ಟಕ್ಕೆ ಮುಚ್ಚಿಕೊಳ್ಳುತ್ತಿತ್ತು, ಒಂದು ಹನಿಯೂ ಸೋರುತ್ತಿರಲಿಲ್ಲ. ಹಾಗಾದರೆ ಕೊಳವೆಯಲ್ಲಿ ಸಣ್ಣ ಸೀಳು ಮಾಡಿದರೆ ಒಳಗಿನ ಒತ್ತಡಕ್ಕೆ ಅದು ತೆರೆದುಕೊಳ್ಳಬೇಕು, ಹೊರಗಿನ ಒತ್ತಡಕ್ಕೆ ಮುಚ್ಚಿಕೊಳ್ಳಬೇಕು.

ಮನೆಯ ವರ್ಕ್‌ಶಾಪ್‌ನಲ್ಲಿ ಮಾದರಿ ತಯಾರಾಯಿತು. ಆದರೆ ರಬ್ಬರ್ ಮಗುವಿನ ದೇಹಕ್ಕೆ ಒಗ್ಗುವುದಿಲ್ಲ. ಕುದಿಸಿ ಶುದ್ಧಮಾಡಿದರೂ ಕೆಡದ, ದೇಹ ತಿರಸ್ಕರಿಸದ ವಸ್ತು ಬೇಕಿತ್ತು. ಹುಡುಕಾಟ ಸಿಲಿಕೋನ್‌ಗೆ ಬಂದು ನಿಂತಿತು. ಆಗ ಅದು ಕೈಗಾರಿಕೆಗೆ ಹೊಸ ವಸ್ತು. ಮಗು ಹುಟ್ಟಿ ಕೆಲವೇ ತಿಂಗಳಲ್ಲಿ, 1956ರಲ್ಲಿ, ಸ್ಪಿಟ್ಜ್ ಈ ಕವಾಟವನ್ನು ಮೊದಲ ಬಾರಿ ಯಶಸ್ವಿಯಾಗಿ ಅಳವಡಿಸಿದರು. ಆದರೆ ಅದು ಕೇಸಿಗಲ್ಲ, ಇನ್ನೊಂದು ಮಗುವಿಗೆ. ಮುಂದೆ ಕೇಸಿಗೂ ಕವಾಟ ಬಂತು, ಆದರೆ ಆತ ಬಾಲ್ಯದಲ್ಲೇ ತೀರಿಕೊಂಡ. ಹೋಲ್ಟರ್ ಬೀಗದ ಕಂಪನಿಯ ಕೆಲಸ ಬಿಟ್ಟು ಕವಾಟ ತಯಾರಿಸುವುದನ್ನೇ ವೃತ್ತಿ ಮಾಡಿಕೊಂಡರು. ಸ್ಪಿಟ್ಜ್-ಹೋಲ್ಟರ್ ಕವಾಟ ಎಂಬ ಹೆಸರಿನಲ್ಲಿ ಅದು ಅಟ್ಲಾಂಟಿಕ್ ದಾಟಿತು.

ಅದೇ ಕಾಲದಲ್ಲಿ ಅಮೆರಿಕದ ಇನ್ನೊಂದು ತುದಿಯ ಕ್ಯಾಲಿಫೋರ್ನಿಯಾದಲ್ಲಿ ರಾಬರ್ಟ್ ಪುಡೆಂಜ್ ಎಂಬ ನರಶಸ್ತ್ರವೈದ್ಯರು ಎಂಜಿನಿಯರ್ ಟೆಡ್ ಹೈಯರ್ ಜೊತೆ ಸೇರಿ ಇನ್ನೊಂದು ಸಿಲಿಕೋನ್ ಕವಾಟ ರೂಪಿಸುತ್ತಿದ್ದರು. ಅವರೊಂದಿಗೆ ಕೈಜೋಡಿಸಿದ ರೂಡಿ ಶುಲ್ಟೆ ಜರ್ಮನಿಯಿಂದ ಬಂದ ಗಡಿಯಾರ ಕೆಲಸಗಾರ. ಕೂದಲೆಳೆಯ ಅಳತೆಯಲ್ಲಿ ಕೆಲಸ ಮಾಡುವ ಕೈ ಈ ಸಾಧನಕ್ಕೆ ಬೇಕಾಗಿತ್ತು.

ಆಟಿಕೆ ವಿಮಾನದ ಪಂಪ್

1960ರ ಡಿಸೆಂಬರ್ 5ರಂದು ನ್ಯೂಯಾರ್ಕ್‌ನ ರಸ್ತೆಯೊಂದರಲ್ಲಿ ಟ್ಯಾಕ್ಸಿಯೊಂದು ನಾಲ್ಕು ತಿಂಗಳ ಮಗುವಿದ್ದ ತಳ್ಳುಗಾಡಿಗೆ ಗುದ್ದಿತು. ಗಾಡಿ ಬಸ್ಸಿಗೆ ಹೋಗಿ ಬಡಿಯಿತು. ಮಗು ಥಿಯೋ, ಆತನ ತಂದೆ ರೋಆಲ್ಡ್ ಡಾಲ್, ಮುಂದೆ ಚಾರ್ಲಿ ಮತ್ತು ಚಾಕೊಲೇಟ್ ಫ್ಯಾಕ್ಟರಿಯ ಕತೆಯಿಂದ ಜಗತ್ತಿಗೆಲ್ಲ ಪರಿಚಿತರಾದ ಬ್ರಿಟಿಷ್ ಲೇಖಕ. ಬುರುಡೆಗೆ ಬಿದ್ದ ಪೆಟ್ಟಿನಿಂದ ಥಿಯೋ ತಲೆಯಲ್ಲಿ ದ್ರವ ತುಂಬತೊಡಗಿತು. ವೈದ್ಯರು ಹೋಲ್ಟರ್ ಕವಾಟ ಇರುವ ಷಂಟ್ ಹಾಕಿದರು. ಆದರೆ ಗಾಯಗೊಂಡ ಮಿದುಳಿನಿಂದ ಬರುವ ದ್ರವದಲ್ಲಿ ರಕ್ತದ ಚೂರು, ಕಸ ಇರುತ್ತದೆ. ಕವಾಟದ ಕಿರಿದಾದ ಸೀಳು ಅದರಿಂದ ಕಟ್ಟಿಕೊಳ್ಳುತ್ತಿತ್ತು. ಪ್ರತಿ ಸಲ ಕಟ್ಟಿಕೊಂಡಾಗಲೂ ಮಗುವಿನ ದೃಷ್ಟಿ ಮಂಕಾಗುತ್ತಿತ್ತು, ಮತ್ತೆ ಶಸ್ತ್ರಕ್ರಿಯೆಗೆ ಒಯ್ಯಬೇಕಾಗುತ್ತಿತ್ತು.

ಕುಟುಂಬ ಇಂಗ್ಲೆಂಡ್‌ಗೆ ಮರಳಿತು. ಡಾಲ್‌ಗೆ ಮಾದರಿ ವಿಮಾನ ಹಾರಿಸುವ ಹವ್ಯಾಸವಿತ್ತು. ಅಂಥ ವಿಮಾನಗಳ ಪುಟ್ಟ ಎಂಜಿನ್‌ಗೆ ಇಂಧನ ತಳ್ಳುವ ಪಂಪ್‌ಗಳನ್ನು ಮಾಡುತ್ತಿದ್ದ ಸ್ಟ್ಯಾನ್ಲಿ ವೇಡ್ ಎಂಬ ಎಂಜಿನಿಯರ್ ಪರಿಚಯವೂ ಇತ್ತು. ಸಣ್ಣ ಕೊಳವೆಯಲ್ಲಿ ದ್ರವ ಕಟ್ಟಿಕೊಳ್ಳದಂತೆ ಹರಿಸುವುದು ವೇಡ್ ಅವರ ನಿತ್ಯದ ಕೆಲಸ. ಡಾಲ್ ಅವರನ್ನು ಲಂಡನ್‌ನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆಯ ನರಶಸ್ತ್ರವೈದ್ಯ ಕೆನೆತ್ ಟಿಲ್ ಜೊತೆ ಕೂರಿಸಿದರು. ಸೀಳಿನ ಬದಲು, ಎರಡು ತುದಿಯಲ್ಲಿ ಲೋಹದ ಪುಟ್ಟ ಬಿಲ್ಲೆಗಳು ಮೇಲೆದ್ದು ಕೆಳಗಿಳಿಯುವ ಕವಾಟ ತಯಾರಾಯಿತು. 1962ರಲ್ಲಿ ಅದನ್ನು ಮೊದಲು ಬಳಸಿದಾಗ ಥಿಯೋಗೆ ಅದು ಬೇಕಿರಲಿಲ್ಲ, ಆತ ಆಗಲೇ ಚೇತರಿಸಿಕೊಂಡಿದ್ದ. ವೇಡ್-ಡಾಲ್-ಟಿಲ್ ಕವಾಟದಿಂದ ಯಾರೂ ಲಾಭ ಪಡೆಯಬಾರದೆಂದು ಮೂವರೂ ಒಪ್ಪಿಕೊಂಡಿದ್ದರು. ಮುಂದೆ ಅದಕ್ಕಿಂತ ಉತ್ತಮ ಸಾಧನಗಳು ಬರುವವರೆಗೆ ಹಲವು ದೇಶಗಳ ಸುಮಾರು 3,000 ಮಕ್ಕಳಿಗೆ ಅದನ್ನು ಅಳವಡಿಸಲಾಯಿತು.

ಹೋಲ್ಟರ್, ಡಾಲ್ ಇಬ್ಬರೂ ತಂದೆಯರು. ಒಬ್ಬರ ಮಗನಿಗೆ ಕವಾಟ ತಡವಾಯಿತು, ಇನ್ನೊಬ್ಬರ ಮಗನಿಗೆ ಬೇಕಾಗಲಿಲ್ಲ. ಅವರು ಮಾಡಿದ್ದು ಬೇರೆಯವರ ಮಕ್ಕಳಿಗೆ ಸಿಕ್ಕಿತು.

ಹೃದಯದಿಂದ ಹೊಟ್ಟೆಗೆ

ಹೃದಯಕ್ಕೆ ಹೋಗುವ ಕೊಳವೆಗೆ ತನ್ನದೇ ತೊಡಕುಗಳಿದ್ದವು. ಮಗು ಬೆಳೆದಂತೆ ಕೊಳವೆ ಗಿಡ್ಡವಾಗುತ್ತಿತ್ತು. ಸೋಂಕು ತಗುಲಿದರೆ ರಕ್ತಕ್ಕೇ ಹರಡುತ್ತಿತ್ತು. ಒಳ್ಳೆಯ ಸಿಲಿಕೋನ್ ಕೊಳವೆಗಳು ಬಂದ ಮೇಲೆ, 1970ರ ದಶಕದ ಹೊತ್ತಿಗೆ, ವೈದ್ಯರು ದ್ರವವನ್ನು ಹೊಟ್ಟೆಯೊಳಗಿನ ಪೊಳ್ಳಿಗೆ ಹರಿಸುವುದನ್ನು ಹೆಚ್ಚು ಮಾಡಿದರು. ಕೊಳವೆ ತಲೆಯಿಂದ ಕಿವಿಯ ಹಿಂದೆ, ಕುತ್ತಿಗೆ, ಎದೆಯ ಚರ್ಮದಡಿ ಇಳಿದು ಹೊಟ್ಟೆ ಸೇರುತ್ತದೆ. ಅಲ್ಲಿ ಒಂದಷ್ಟು ಉದ್ದ ಹೆಚ್ಚಿಗೆ ಬಿಟ್ಟರೆ ಮಗು ಎತ್ತರವಾದರೂ ಸಾಲುತ್ತದೆ. ಇಂದಿಗೂ ಹೆಚ್ಚು ಬಳಕೆಯಲ್ಲಿರುವುದು ಇದೇ.

ಇದೇ ದಶಕದಲ್ಲಿ ಇನ್ನೊಂದು ಬದಲಾವಣೆ ಆಯಿತು. ಅಲ್ಲಿಯವರೆಗೆ ಕುಹರ ಎಷ್ಟು ಉಬ್ಬಿದೆ ಎಂದು ನೋಡಲು ದ್ರವದ ಜಾಗಕ್ಕೆ ಗಾಳಿ ತುಂಬಿ ಎಕ್ಸ್‌ರೇ ತೆಗೆಯಬೇಕಿತ್ತು. ಅದು ರೋಗಿಗೆ ಯಾತನೆಯ ಪರೀಕ್ಷೆ. 1971ರ ಅಕ್ಟೋಬರ್ 1ರಂದು ಲಂಡನ್ ಬಳಿಯ ಆಟ್‌ಕಿನ್ಸನ್ ಮೋರ್ಲಿ ಆಸ್ಪತ್ರೆಯಲ್ಲಿ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಅವರ ಸಿಟಿ ಸ್ಕ್ಯಾನ್ ಯಂತ್ರ ಮೊದಲ ರೋಗಿಯ ಮಿದುಳನ್ನು ತೋರಿಸಿತು. ಅದು ಬಳಕೆಗೆ ಬಂದ ಮೇಲೆ ಷಂಟ್ ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂಬುದನ್ನು ಕೆಲ ನಿಮಿಷಗಳಲ್ಲಿ ತಿಳಿಯಬಹುದಾಯಿತು.

ಕಾಯಿಲೆ ಮಕ್ಕಳಿಗಷ್ಟೇ ಸೀಮಿತವಲ್ಲ ಎಂಬುದನ್ನು ತಿಳಿಸಿದವರು ಕೊಲಂಬಿಯಾ ದೇಶದ ಬೊಗೊಟಾ ನಗರದ ಸಾಲೊಮೊನ್ ಹಕೀಮ್. ಒತ್ತಡ ಸಹಜವಾಗಿ ಕಂಡರೂ ಕುಹರಗಳು ದೊಡ್ಡದಾಗಿರುವ ಕೆಲವು ರೋಗಿಗಳನ್ನು ಅವರು ಗುರುತಿಸಿದರು. 1965ರಲ್ಲಿ ರೇಮಂಡ್ ಆ್ಯಡಮ್ಸ್ ಮುಂತಾದವರ ಜೊತೆ ಇದನ್ನು ಪ್ರಕಟಿಸಿದರು. ವಯಸ್ಸಾದವರಲ್ಲಿ ನಡಿಗೆ ಎಡವುವುದು, ಪಾದ ನೆಲಕ್ಕೆ ಅಂಟಿದಂತಾಗುವುದು, ಮೂತ್ರ ತಡೆಯಲಾಗದಿರುವುದು, ಮರೆವು, ಈ ಮೂರೂ ಒಟ್ಟಾಗಿ ಬಂದರೆ ವಯಸ್ಸಾಯಿತು ಎಂದು ಸುಮ್ಮನಾಗುವ ಮುನ್ನ ಒಂದು ಸ್ಕ್ಯಾನ್ ಮಾಡಿಸಬೇಕೆಂದು ವೈದ್ಯರು ಹೇಳುವುದು ಆ ಶೋಧದಿಂದಲೇ. ಕೆಲವರಿಗೆ ಷಂಟ್ ಹಾಕಿದ ಮೇಲೆ ನಡಿಗೆ ಮರಳುತ್ತದೆ. ಹಕೀಮ್ ತಾವೇ ಒಂದು ಕವಾಟವನ್ನೂ ರೂಪಿಸಿದರು. ಇಂದಿನ ಹಲವು ಕವಾಟಗಳು ಅದರ ಸಂತತಿ.

ದುಬಾರಿಯಾದದ್ದು ಉತ್ತಮವೇ

ಆಮೇಲಿನ ವರ್ಷಗಳಲ್ಲಿ ಕವಾಟಗಳು ಹೆಚ್ಚು ಜಾಣವಾದವು. ನಿಂತಾಗ ದ್ರವ ಅತಿಯಾಗಿ ಹರಿಯದಂತೆ ತಡೆಯುವಂಥವು, ಚರ್ಮದ ಮೇಲಿಂದಲೇ ಅಯಸ್ಕಾಂತ ಹಿಡಿದು ಒತ್ತಡ ಬದಲಿಸಬಹುದಾದಂಥವು ಬಂದವು. ಬೆಲೆಯೂ ಏರಿತು. ಆದರೆ 1998ರಲ್ಲಿ ಪ್ರಕಟವಾದ ಒಂದು ದೊಡ್ಡ ಪರೀಕ್ಷೆಯಲ್ಲಿ 344 ಮಕ್ಕಳಿಗೆ ಮೂರು ಬಗೆಯ ಕವಾಟಗಳನ್ನು ಹಾಕಿ ಹೋಲಿಸಿದಾಗ ಯಾವುದೂ ಇನ್ನೊಂದಕ್ಕಿಂತ ಮೇಲೆಂದು ತೋರಲಿಲ್ಲ. ಎರಡು ವರ್ಷ ಕಳೆಯುವಷ್ಟರಲ್ಲಿ ಅರ್ಧದಷ್ಟು ಷಂಟ್‌ಗಳು ಕಟ್ಟಿಕೊಂಡೋ ಸೋಂಕಾಗಿಯೋ ಕೆಟ್ಟಿದ್ದವು.

ಇದು ಭಾರತದಂಥ ದೇಶಕ್ಕೆ ತುಂಬ ಮುಖ್ಯವಾದ ಮಾತು. ಷಂಟ್ ಒಮ್ಮೆ ಹಾಕಿದರೆ ಮುಗಿಯುವ ಚಿಕಿತ್ಸೆಯಲ್ಲ. ಮೊದಲ ಕೊಳವೆಗೆ ಹಣ ಹೊಂದಿಸಿದ ತಂದೆತಾಯಿ ಎರಡನೆಯದಕ್ಕೂ ಹೊಂದಿಸಬೇಕು. ವಿದೇಶಿ ಕವಾಟದ ಬೆಲೆ ಕೇಳಿ ಕೈಚೆಲ್ಲಿದ ಕುಟುಂಬಕ್ಕೆ ಆ ಕವಾಟದ ಜಾಣತನದಿಂದ ಏನೂ ಪ್ರಯೋಜನವಿಲ್ಲ. ಇದನ್ನು ಮನಗಂಡ ಇಲ್ಲಿನ ವೈದ್ಯರು ಸ್ವದೇಶಿ ಷಂಟ್‌ಗಳತ್ತ ಹೊರಳಿದರು. ದೆಹಲಿಯ ಏಮ್ಸ್‌ನ ಮಕ್ಕಳ ಶಸ್ತ್ರವೈದ್ಯ ಪಿ. ಉಪಾಧ್ಯಾಯ ಅವರ ಹೆಸರಿನ ಷಂಟ್ ಬಂತು. ಡಿ. ಕೆ. ಛಾಬ್ರಾ ಎಂಬ ನರಶಸ್ತ್ರವೈದ್ಯರು ರೂಪಿಸಿದ ಷಂಟ್ ಉತ್ತರ ಪ್ರದೇಶದ ಶಹಜಹಾನ್‌ಪುರದ ಸರ್ಜಿವೇರ್ ಕಂಪನಿಯಲ್ಲಿ ತಯಾರಾಗತೊಡಗಿತು. ಸೀಳು ಮತ್ತು ಸ್ಪ್ರಿಂಗ್ ಇರುವ ಸರಳ ವಿನ್ಯಾಸ ಅದರದು. ಹೋಲ್ಟರ್ ಆಸ್ಪತ್ರೆಯಲ್ಲಿ ಗಮನಿಸಿದ ಸೀಳು ನಾಲ್ಕಾರು ದಶಕಗಳ ನಂತರವೂ ಕೆಲಸಕ್ಕೆ ಬರುತ್ತಿತ್ತು.

ಅಗ್ಗದ್ದು ಎಂದರೆ ಕಳಪೆ ಎಂಬ ಅನುಮಾನ ಎಲ್ಲ ಕಡೆಯೂ ಇರುತ್ತದೆ. ಆ ಅನುಮಾನಕ್ಕೆ ಉತ್ತರ ಸಿಕ್ಕಿದ್ದು ಆಫ್ರಿಕಾದಲ್ಲಿ. 2000ದಲ್ಲಿ ಬೆಂಜಮಿನ್ ವಾರ್ಫ್ ಎಂಬ ಅಮೆರಿಕನ್ ನರಶಸ್ತ್ರವೈದ್ಯರು ಹೆಂಡತಿ ಮಕ್ಕಳೊಡನೆ ಉಗಾಂಡಕ್ಕೆ ಹೋದರು. ಅಲ್ಲಿನ ಎಂಬಾಲೆ ಎಂಬ ಊರಿನಲ್ಲಿ ಮಕ್ಕಳ ನರಶಸ್ತ್ರಚಿಕಿತ್ಸೆಗೆಂದೇ ಕ್ಯೂರ್ ಆಸ್ಪತ್ರೆ ಶುರುವಾಗುವುದಿತ್ತು. ತಲೆ ದೊಡ್ಡದಾದ ಕೂಸುಗಳನ್ನು ಹೊತ್ತ ತಾಯಂದಿರ ಸಾಲು ಅವರ ಬಾಗಿಲಿಗೆ ಬಂತು. ಅಲ್ಲಿನ ಬಹುಪಾಲು ಮಕ್ಕಳಿಗೆ ಕಾಯಿಲೆ ಬಂದದ್ದು ಹುಟ್ಟಿದ ಮೊದಲ ವಾರಗಳಲ್ಲಿ ತಗುಲಿದ ಸೋಂಕಿನಿಂದ ಎಂದು ಅವರು ಕಂಡುಕೊಂಡರು. ಮುಂದೆ 195 ಮಕ್ಕಳಲ್ಲಿ ಛಾಬ್ರಾ ಷಂಟ್ ಮತ್ತು ಪ್ರಸಿದ್ಧ ಅಮೆರಿಕನ್ ಕಂಪನಿಯ ಷಂಟ್‌ಗಳನ್ನು ಹೋಲಿಸಿದರು. ಮೊದಲನೆಯದರ ಬೆಲೆ ಸುಮಾರು 35 ಡಾಲರ್, ಎರಡನೆಯದು ಸುಮಾರು 650 ಡಾಲರ್. ಒಂದು ವರ್ಷದ ನಂತರ ಫಲಿತಾಂಶದಲ್ಲಿ ಗಣನೀಯ ವ್ಯತ್ಯಾಸವಿರಲಿಲ್ಲ. 2005ರಲ್ಲಿ ಇದು ಪ್ರಕಟವಾಯಿತು. ಶಹಜಹಾನ್‌ಪುರದ ಕೊಳವೆ ಬಡದೇಶಗಳ ಆಸ್ಪತ್ರೆಗಳಲ್ಲಿ ಬಳಕೆಯಾಗಲು ಇದಕ್ಕಿಂತ ದೊಡ್ಡ ಶಿಫಾರಸು ಬೇಕಿರಲಿಲ್ಲ.

ಹಳೆಯ ದಾರಿ ಮತ್ತೆ ತೆರೆದದ್ದು

ಅಗ್ಗದ ಷಂಟ್ ಬಂದರೂ ವಾರ್ಫ್‌ಗೆ ಒಂದು ಚಿಂತೆ ಉಳಿದಿತ್ತು. ಷಂಟ್ ಕಟ್ಟಿಕೊಂಡ ಮಗುವಿಗೆ ಕೆಲವು ಗಂಟೆಗಳಲ್ಲೇ ಪ್ರಾಣಾಪಾಯ ಬರಬಹುದು. ಆಸ್ಪತ್ರೆಗೆ ಬರಲು ದಿನಗಟ್ಟಲೆ ಪ್ರಯಾಣ ಮಾಡಬೇಕಾದ ಹಳ್ಳಿಯಲ್ಲಿ ಷಂಟ್ ಒಂದು ಸಾಲದಂತೆ, ಯಾವಾಗ ತೀರಿಸಬೇಕಾಗುತ್ತದೋ ಗೊತ್ತಿಲ್ಲ. ಕೊಳವೆಯೇ ಬೇಡದ ಚಿಕಿತ್ಸೆ ಇದ್ದರೆ?

ಆಗ ಅವರು ಹಿಂತಿರುಗಿದ್ದು ಡ್ಯಾಂಡಿ ಮತ್ತು ಮಿಕ್ಸ್‌ಟರ್ ಕಾಲದಲ್ಲಿ ಮೂಲೆ ಸೇರಿದ್ದ ಎರಡು ವಿಧಾನಗಳಿಗೆ. ಅಷ್ಟರಲ್ಲಿ ಎಂಡೋಸ್ಕೋಪ್ ಬದಲಾಗಿತ್ತು. ಪೆನ್ಸಿಲ್ ಗಾತ್ರದ ಕೊಳವೆಯ ತುದಿಯಲ್ಲಿ ಒಳ್ಳೆಯ ಬೆಳಕು, ಕ್ಯಾಮೆರಾ ಇದ್ದವು. ಮೂರನೇ ಕುಹರದ ನೆಲದಲ್ಲಿ ರಂಧ್ರ ಮಾಡಿ ದ್ರವಕ್ಕೆ ಅಡ್ಡದಾರಿ ಕೊಡುವುದು, ಅದೇ ಶಸ್ತ್ರಕ್ರಿಯೆಯಲ್ಲಿ ದ್ರವ ಸ್ರವಿಸುವ ಗೊಂಚಲನ್ನು ಸುಟ್ಟು ತಯಾರಿಕೆ ಕಡಿಮೆ ಮಾಡುವುದು. ರಂಧ್ರವೊಂದನ್ನೇ ಮಾಡಿದರೆ ಒಂದು ವರ್ಷದೊಳಗಿನ ಶಿಶುಗಳಲ್ಲಿ 100ಕ್ಕೆ 47 ಮಂದಿಗೆ ಗುಣವಾಗುತ್ತಿತ್ತು. ಎರಡನ್ನೂ ಸೇರಿಸಿದಾಗ 66 ಮಂದಿಗೆ. ಅವರ ದೇಹದಲ್ಲಿ ಕಟ್ಟಿಕೊಳ್ಳುವ ಕೊಳವೆಯೇ ಇರಲಿಲ್ಲ.

ಮಿದುಳಿನ ಬೆಳವಣಿಗೆಗೆ ಇದು ಷಂಟ್‌ನಷ್ಟೇ ಒಳ್ಳೆಯದೇ ಎಂಬ ಪ್ರಶ್ನೆ ಉಳಿಯಿತು. ಕೆನಡಾದ ಟೊರಾಂಟೊ ಮಕ್ಕಳ ಆಸ್ಪತ್ರೆಯ ಅಭಯ ಕುಲಕರ್ಣಿ, ವಾರ್ಫ್ ಮುಂತಾದವರು ಸೋಂಕಿನಿಂದ ಕಾಯಿಲೆ ಬಂದ ಉಗಾಂಡದ 100 ಶಿಶುಗಳನ್ನು ಎರಡು ಗುಂಪು ಮಾಡಿ ನೋಡಿದರು. 2017ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಒಂದು ವರ್ಷದ ನಂತರ ಎರಡೂ ಗುಂಪಿನ ಮಕ್ಕಳ ಗ್ರಹಿಕೆಯ ಅಂಕಗಳಲ್ಲಿ ಗಣನೀಯ ವ್ಯತ್ಯಾಸವಿರಲಿಲ್ಲ. ಉಗಾಂಡದಲ್ಲಿ ಪಳಗಿದ ವಿಧಾನವನ್ನು ಮುಂದೆ ಅಮೆರಿಕದ ಆಸ್ಪತ್ರೆಗಳೂ ಕಲಿತವು. ಎಲ್ಲ ಮಕ್ಕಳಿಗೂ ಅದು ಹೊಂದುವುದಿಲ್ಲ. ವಯಸ್ಸು, ಕಾಯಿಲೆಯ ಕಾರಣ, ಮಿದುಳಿನ ಸ್ಥಿತಿ ನೋಡಿ ವೈದ್ಯರು ನಿರ್ಧರಿಸುತ್ತಾರೆ. ಹಾಗಾಗಿ ಷಂಟ್ ಇಂದಿಗೂ ಉಳಿದಿದೆ.

ಕಾಯಿಲೆ ಬರದಂತೆ ತಡೆಯುವ ದಾರಿಯೂ ಸ್ವಲ್ಪಮಟ್ಟಿಗೆ ತೆರೆದಿದೆ. ಕೇಸಿಗಿದ್ದಂಥ ಬೆನ್ನುಮೂಳೆಯ ದೋಷ ಈಗಾಗಲೇ ಒಂದು ಮಗುವಿಗೆ ಬಂದಿರುವ ತಾಯಂದಿರು ಮುಂದಿನ ಗರ್ಭಕ್ಕೆ ಮೊದಲಿನಿಂದಲೇ ಫೋಲಿಕ್ ಆಮ್ಲ ತೆಗೆದುಕೊಂಡರೆ ಅದು ಮರುಕಳಿಸುವ ಸಾಧ್ಯತೆ ಶೇ. 72ರಷ್ಟು ಕಡಿಮೆಯಾಗುತ್ತದೆ ಎಂದು 1991ರಲ್ಲಿ ಏಳು ದೇಶಗಳಲ್ಲಿ ನಡೆದ ಪರೀಕ್ಷೆ ತೋರಿಸಿತು. ಮಾತ್ರೆಯ ಬೆಲೆ ಅತ್ಯಲ್ಪ. ಆದರೆ ಗರ್ಭ ಗೊತ್ತಾದ ಮೇಲೆ ಶುರುಮಾಡಿದರೆ ಹೆಚ್ಚು ಉಪಯೋಗವಿಲ್ಲ, ಏಕೆಂದರೆ ಬೆನ್ನುಹುರಿಯ ನಾಳ ಮೊದಲ ನಾಲ್ಕು ವಾರಗಳಲ್ಲೇ ಮುಚ್ಚಿಕೊಳ್ಳುತ್ತದೆ.

ಷಂಟ್ ಇರುವ ಮಕ್ಕಳು ಶಾಲೆಗೆ ಹೋಗುತ್ತಾರೆ, ಕಾಲೇಜು ಮುಗಿಸುತ್ತಾರೆ, ಕೆಲಸಕ್ಕೆ ಬೇರೆ ಊರಿಗೆ ಹೋಗುತ್ತಾರೆ. ಕಿವಿಯ ಹಿಂದಿನ ಆ ಸಣ್ಣ ಉಬ್ಬು ಹೊರಗಿನವರಿಗೆ ಕಾಣುವುದೂ ಇಲ್ಲ. ಹೊಸ ಊರಿನ ವೈದ್ಯರಿಗೆ ಆ ವಿಷಯ ಗೊತ್ತಿರುವುದಿಲ್ಲ. ತಲೆನೋವು, ವಾಂತಿ, ಮಂಪರು ಒಟ್ಟಿಗೆ ಬಂದಾಗ ಹೊಟ್ಟೆಕೆಟ್ಟಿದೆ ಎಂದು ಮಾತ್ರೆ ಕೊಟ್ಟು ಕಳಿಸುವ ಸಂಭವವಿದೆ, ಆ ಹೊತ್ತಿಗೆ ಕೊಳವೆ ಕಟ್ಟಿಕೊಂಡಿರಬಹುದು. ಆದ್ದರಿಂದ ಷಂಟ್ ಹಾಕಿಸಿಕೊಂಡವರು ಕವಾಟದ ಹೆಸರು, ಒತ್ತಡದ ಸಂಖ್ಯೆ, ಶಸ್ತ್ರಕ್ರಿಯೆಯ ದಿನಾಂಕ, ಹಳೆಯ ಸ್ಕ್ಯಾನ್ ಇವಿಷ್ಟನ್ನು ಜೊತೆಗಿಟ್ಟುಕೊಳ್ಳಬೇಕು. ಅಯಸ್ಕಾಂತದಿಂದ ಒತ್ತಡ ಬದಲಿಸುವ ಕವಾಟವಾಗಿದ್ದರೆ ಎಂಆರ್‌ಐ ಮಾಡಿಸುವ ಮುನ್ನ ಹೇಳಬೇಕು, ಮಾಡಿಸಿದ ಮೇಲೆ ಒತ್ತಡವನ್ನು ಮತ್ತೆ ಪರೀಕ್ಷಿಸಿಕೊಳ್ಳಬೇಕು. ಮನೆಯಲ್ಲಿ ಅಂಥವರಿದ್ದರೆ ಈ ಚೀಟಿ ಅವರ ಪರ್ಸಿನಲ್ಲಿ ಇದೆಯೇ ಎಂದು ಒಮ್ಮೆ ಕೇಳಿ ನೋಡಬಹುದು.